ಅಮೆರಿಕದ ಅಧ್ಯಕ್ಷೀಯ ಚರ್ಚೆ: ವಿದೇಶಾಂಗ ನೀತಿಯ ಮಾತು ಕೇಳುವಾಗ ನಾವು ಎಡವುವುದೆಲ್ಲಿ?

ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಗುವ ಅಧ್ಯಕ್ಷೀಯ ಚರ್ಚೆ ನಮ್ಮ ಟೀವಿಗೆ ಬರುವುದು ಬೆಳಗ್ಗೆ ಆರೂವರೆಗೆ, ಮೊದಲ ಕಾಫಿಯ ಹೊತ್ತಿಗೆ. 2024ರ ಸೆಪ್ಟೆಂಬರ್ 11ರ ಬೆಳಗ್ಗೆ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಫಿಲಡೆಲ್ಫಿಯಾದಲ್ಲಿ ಮುಖಾಮುಖಿಯಾದಾಗ ನಾನೂ ಲೋಟ ಹಿಡಿದು ಕೂತಿದ್ದೆ. ಚರ್ಚೆ ಮುಗಿಯುವ ಮೊದಲೇ ಫೋನಿಗೆ ತುಣುಕು ವಿಡಿಯೊಗಳು ಬರತೊಡಗಿದವು. ಒಂದರ ಕೆಳಗೆ ‘ಇವರು ಗೆದ್ದರೆ ಯುದ್ಧ ನಿಲ್ಲುತ್ತದೆ’ ಎಂಬ ಒಕ್ಕಣೆ. ಇನ್ನೊಂದರ ಕೆಳಗೆ ‘ಇವರು ಬಂದರೆ ನಮ್ಮ ಹುಡುಗರ ವೀಸಾ ಕಥೆ ಮುಗಿಯಿತು’ ಎಂಬ ಭಯ. ಮಗನೋ ಸೊಸೆಯೋ ತಂಗಿಯ ಮಗಳೋ ಅಲ್ಲಿರುವ ಮನೆಗಳು ಬೆಂಗಳೂರು, ಮೈಸೂರಿನ ಬೀದಿಬೀದಿಯಲ್ಲಿವೆ. ಹಾಗಾಗಿ ಈ ಕಾತರ ಸಹಜ. ಆದರೆ ಆ ವೇದಿಕೆಯ ಮಾತಿಗೆ ನಾವು ಹಚ್ಚುವ ಅರ್ಥಗಳಲ್ಲಿ ಹಲವು ತಪ್ಪು. 1960ರಿಂದ ಈಚೆಗಿನ ಚರ್ಚೆಗಳ ದಾಖಲೆ ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಅಭ್ಯರ್ಥಿ ವೇದಿಕೆಯಲ್ಲಿ ವಾದಿಸುವುದು ತಾನು ನಂಬಿದ್ದನ್ನೇ.

ವಾಸ್ತವ: 1960ರ ಅಕ್ಟೋಬರ್ 21ರ ರಾತ್ರಿಗೆ ಹೋಗೋಣ. ಜಾನ್ ಎಫ್. ಕೆನಡಿ ಮತ್ತು ರಿಚರ್ಡ್ ನಿಕ್ಸನ್ ನಡುವಣ ನಾಲ್ಕನೆಯ, ಕೊನೆಯ ಚರ್ಚೆ. ವಿಷಯ ವಿದೇಶಾಂಗ ನೀತಿ. ಕ್ಯೂಬಾದಲ್ಲಿ ಫಿಡೆಲ್ ಕ್ಯಾಸ್ಟ್ರೊ ಅಧಿಕಾರ ಹಿಡಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ವಾರವಷ್ಟೇ ಐಸೆನ್‌ಹೋವರ್ ಸರ್ಕಾರ ಆಹಾರ, ಔಷಧ ಬಿಟ್ಟು ಉಳಿದ ಸರಕನ್ನು ಕ್ಯೂಬಾಕ್ಕೆ ಕಳಿಸಬಾರದೆಂದು ನಿಷೇಧ ಹಾಕಿತ್ತು. ಅಷ್ಟು ಸಾಲದು, ಕ್ಯಾಸ್ಟ್ರೊ ವಿರುದ್ಧ ಹೋರಾಡುವ ಕ್ಯೂಬನ್ನರಿಗೆ ಅಮೆರಿಕ ನೆರವಾಗಬೇಕು ಎಂದು ಚರ್ಚೆಯ ಹಿಂದಿನ ದಿನ ಕೆನಡಿ ಬಣ ಹೇಳಿಕೆ ಕೊಟ್ಟಿತು.

ನಿಕ್ಸನ್ ಆ ಹೇಳಿಕೆಯ ಮೇಲೆ ಮುಗಿಬಿದ್ದರು. ಈ ಪ್ರಚಾರದಲ್ಲಿ ಕೆನಡಿ ಕೊಟ್ಟ ಸಲಹೆಗಳಲ್ಲೇ ಇದು ಅತ್ಯಂತ ಅಪಾಯಕಾರಿ ಹೊಣೆಗೇಡಿತನ ಎಂದರು. ಲ್ಯಾಟಿನ್ ಅಮೆರಿಕದ ದೇಶಗಳ ಒಳಾಡಳಿತದಲ್ಲಿ ಕೈಹಾಕುವುದಿಲ್ಲ ಎಂದು ನಾವು ಒಪ್ಪಂದ ಮಾಡಿಕೊಂಡಿದ್ದೇವೆ, ಅದನ್ನು ಮುರಿದರೆ ಇಡೀ ಖಂಡದಲ್ಲಿ ಗೆಳೆಯರನ್ನು ಕಳೆದುಕೊಳ್ಳುತ್ತೇವೆ, ವಿಶ್ವಸಂಸ್ಥೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ, ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ನಾವೇ ಬಾಗಿಲು ತೆರೆದು ಕರೆದಂತಾಗುತ್ತದೆ ಎಂದು ಎಚ್ಚರಿಸಿದರು. ಇಂದು ಓದಿದರೂ ತೂಕದ ವಾದವೇ.

ಆದರೆ ನಿಕ್ಸನ್ ಆಗ ಉಪಾಧ್ಯಕ್ಷರು. ಕ್ಯೂಬಾ ಬಿಟ್ಟು ಬಂದವರಿಗೆ ಗುಟ್ಟಾಗಿ ಯುದ್ಧ ತರಬೇತಿ ಕೊಡುವ ಸಿಐಎ ಯೋಜನೆಗೆ ಅಧ್ಯಕ್ಷ ಐಸೆನ್‌ಹೋವರ್ ಅದೇ ವರ್ಷದ ಮಾರ್ಚ್ 17ರಂದೇ ಒಪ್ಪಿಗೆ ಕೊಟ್ಟಿದ್ದರು. ಆ ಯೋಜನೆ ನಿಕ್ಸನ್‌ಗೆ ಗೊತ್ತಿತ್ತು, ಅವರ ಬೆಂಬಲವೂ ಅದಕ್ಕಿತ್ತು. ಅಂದರೆ ತಾನು ಒಳಗೆ ಒಪ್ಪಿದ್ದನ್ನೇ ಹೊರಗೆ, ಕೋಟ್ಯಂತರ ಜನರ ಎದುರು, ಹೊಣೆಗೇಡಿತನ ಎಂದು ಅವರು ಖಂಡಿಸಿದ್ದರು. ಗುಪ್ತ ಕಾರ್ಯಾಚರಣೆಯನ್ನು ಕಾಪಾಡಲು ತನಗೆ ಬೇರೆ ದಾರಿಯೇ ಇರಲಿಲ್ಲ ಎಂದು 1962ರಲ್ಲಿ ಬಂದ ತಮ್ಮ ‘ಸಿಕ್ಸ್ ಕ್ರೈಸಿಸ್’ ಪುಸ್ತಕದಲ್ಲಿ ಅವರೇ ಬರೆದುಕೊಂಡರು. ಕೆನಡಿಗೆ ಯೋಜನೆಯ ಸುಳಿವು ಮೊದಲೇ ಸಿಕ್ಕಿತ್ತು ಎಂಬುದು ನಿಕ್ಸನ್ ಆರೋಪ. ಶ್ವೇತಭವನ ಅದನ್ನು ಅಲ್ಲಗಳೆಯಿತು.

ಕಥೆಯ ಮುಂದಿನ ಭಾಗ ಇನ್ನೂ ನೋವಿನದು. ಗೆದ್ದು ಬಂದ ಕೆನಡಿಯ ಮೇಜಿಗೆ ಅದೇ ಯೋಜನೆ ಬಂತು. 1961ರ ಏಪ್ರಿಲ್ 17ರಂದು ಸುಮಾರು 1,400 ಮಂದಿ ಕ್ಯೂಬಾದ ‘ಬೇ ಆಫ್ ಪಿಗ್ಸ್’ ಕೊಲ್ಲಿಯಲ್ಲಿ ಇಳಿದರು. ಮೂರು ದಿನದೊಳಗೆ ಎಲ್ಲ ಮುಗಿದಿತ್ತು. 1,100ಕ್ಕೂ ಹೆಚ್ಚು ಜನ ಸೆರೆಸಿಕ್ಕರು. ಚರ್ಚೆಯಲ್ಲಿ ನಿಕ್ಸನ್ ಎಚ್ಚರಿಸಿದ್ದ ಅವಮಾನವೇ ಅಮೆರಿಕಕ್ಕೆ ಎದುರಾಯಿತು. ಮನಸ್ಸಿನ ಮಾತಲ್ಲದೆ ಆಡಿದ ವಾದ ಸತ್ಯವಾಯಿತು.

ಆ ಚುನಾವಣೆಯ ಇನ್ನೊಂದು ದೊಡ್ಡ ಕೂಗು ‘ಕ್ಷಿಪಣಿ ಅಂತರ’. ಖಂಡಾಂತರ ಕ್ಷಿಪಣಿಗಳಲ್ಲಿ ಸೋವಿಯತ್ ಒಕ್ಕೂಟ ಅಮೆರಿಕವನ್ನು ಹಿಂದೆ ಹಾಕಿದೆ ಎಂದು ಕೆನಡಿ ಪ್ರಚಾರದುದ್ದಕ್ಕೂ ದೂರುತ್ತಿದ್ದರು. ಅಂಥ ಅಂತರವೇ ಇಲ್ಲ ಎಂದು 1961ರ ಫೆಬ್ರವರಿಯಲ್ಲಿ ಅವರದೇ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಸೋವಿಯತ್ ಬಳಿ ಇದ್ದವು ಬೆರಳೆಣಿಕೆಯವು, ಮುಂದಿದ್ದದ್ದು ಅಮೆರಿಕವೇ. ಪ್ರಚಾರದ ಹೊತ್ತಿನಲ್ಲಿ ಐಸೆನ್‌ಹೋವರ್ ಸರ್ಕಾರ ಇದನ್ನು ಬಿಚ್ಚಿ ಹೇಳುವಂತಿರಲಿಲ್ಲ. ಹೇಳಿದರೆ ಬೇಹು ವಿಮಾನಗಳಿಂದ, ಉಪಗ್ರಹದಿಂದ ಏನೇನು ಸಿಕ್ಕಿದೆ ಎಂಬ ಗುಟ್ಟು ರಟ್ಟಾಗುತ್ತಿತ್ತು. ವಿದೇಶಾಂಗ ವಿಷಯದ ಚರ್ಚೆಗೂ ಬೆಲೆಯೇರಿಕೆ, ಆಸ್ಪತ್ರೆ, ಶಾಲೆಯ ಚರ್ಚೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಅಕ್ಕಿಯ ಬೆಲೆ ಎಷ್ಟೆಂದು ಅಂಗಡಿಗೆ ಹೋಗಿ ಬಂದವರಿಗೆಲ್ಲ ಗೊತ್ತು. ಗಡಿಯಾಚೆ ಎಷ್ಟು ಕ್ಷಿಪಣಿ ಇವೆಯೆಂಬುದು ಮತ ಹಾಕುವವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವವರು ಹೇಳುವಂತಿಲ್ಲ.

ತಪ್ಪು ಕಲ್ಪನೆ: 1960ರ ಚರ್ಚೆ ಎಂದರೆ ನಿಕ್ಸನ್ ಮುಖದ ಬೆವರು, ಅಷ್ಟೇ.

ವಾಸ್ತವ: ಬೆವರಿನ ಕಥೆ ಸೆಪ್ಟೆಂಬರ್ 26ರ ಮೊದಲ ಚರ್ಚೆಯದು, ಅದರ ವಿಷಯ ದೇಶದೊಳಗಿನ ನೀತಿ. ಮುಂದಿನ ಚರ್ಚೆಗಳಲ್ಲಿ ಇಬ್ಬರೂ ಬೆಂಕಿಯಾದದ್ದು ಚೀನಾ ಕರಾವಳಿಗೆ ಅಂಟಿಕೊಂಡಂತಿರುವ, ತೈವಾನ್ ಹಿಡಿತದ ಕೆಮಾಯ್ ಮತ್ತು ಮಾತ್ಸು ಎಂಬ ಪುಟ್ಟ ದ್ವೀಪಗಳ ಬಗ್ಗೆ. ಅವುಗಳ ರಕ್ಷಣೆಗೆ ಅಮೆರಿಕ ಯುದ್ಧಕ್ಕಿಳಿಯಬೇಕೇ? ಕಾಯಲಾಗದ ಜಾಗ, ರಕ್ಷಣಾ ರೇಖೆಯನ್ನು ತೈವಾನ್ ಸುತ್ತ ಎಳೆಯೋಣ ಎಂದರು ಕೆನಡಿ. ಒಂದಿಂಚು ಬಿಟ್ಟರೂ ಕಮ್ಯುನಿಸ್ಟರು ಮುಂದಿನ ಇಂಚು ಕೇಳುತ್ತಾರೆ ಎಂದರು ನಿಕ್ಸನ್. ಚುನಾವಣೆ ಮುಗಿದದ್ದೇ ತಡ, ಆ ಎರಡು ಹೆಸರು ಅಮೆರಿಕದ ರಾಜಕೀಯ ಮಾತುಕತೆಯಿಂದ ಹೆಚ್ಚುಕಡಿಮೆ ಮಾಯವಾದವು. ಚರ್ಚೆಯಲ್ಲಿ ಹೆಚ್ಚು ಸದ್ದು ಮಾಡಿದ ವಿಷಯವೇ ಮುಂದಿನ ನಾಲ್ಕು ವರ್ಷದ ದೊಡ್ಡ ವಿಷಯವಾಗಬೇಕೆಂದಿಲ್ಲ. ಇನ್ನು, ಟೀವಿ ನೋಡಿದವರು ಕೆನಡಿ ಎಂದರು, ರೇಡಿಯೊ ಕೇಳಿದವರು ನಿಕ್ಸನ್ ಎಂದರು ಎಂಬ ಪ್ರಸಿದ್ಧ ಕಥೆಗೆ ಆಧಾರ ತುಂಬ ತೆಳು. ಅದರ ಹಿಂದಿನ ಸಮೀಕ್ಷೆಯ ಕೊರತೆಗಳನ್ನು ಸಂಶೋಧಕರು 1987ರಲ್ಲೇ ತೋರಿಸಿದ್ದಾರೆ.

ತಪ್ಪು ಕಲ್ಪನೆ: ವಿದೇಶಾಂಗ ವಿಷಯದಲ್ಲಿ ಒಮ್ಮೆ ನಾಲಿಗೆ ಜಾರಿದರೆ ಚುನಾವಣೆಯೇ ಕೈತಪ್ಪುತ್ತದೆ. ಜೆರಾಲ್ಡ್ ಫೋರ್ಡ್ ಸೋತದ್ದು ಹಾಗೆಯೇ.

ವಾಸ್ತವ: 1976ರ ಅಕ್ಟೋಬರ್ 6, ಸ್ಯಾನ್ ಫ್ರಾನ್ಸಿಸ್ಕೊ. ಅಧ್ಯಕ್ಷ ಫೋರ್ಡ್ ಎದುರು ಜಿಮ್ಮಿ ಕಾರ್ಟರ್. ಹಿಂದಿನ ವರ್ಷ ಹೆಲ್ಸಿಂಕಿಯಲ್ಲಿ 35 ದೇಶಗಳು ಸಹಿ ಹಾಕಿದ ಒಪ್ಪಂದದ ಮೂಲಕ ಪೂರ್ವ ಯುರೋಪಿನ ಮೇಲೆ ರಷ್ಯನ್ನರ ಹಿಡಿತವನ್ನು ನಾವೇ ಒಪ್ಪಿಕೊಂಡಂತಾಗಲಿಲ್ಲವೇ ಎಂಬರ್ಥದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಮ್ಯಾಕ್ಸ್ ಫ್ರಾಂಕೆಲ್ ಕೇಳಿದರು. ಫೋರ್ಡ್ ಉತ್ತರಿಸುತ್ತಾ ಪೂರ್ವ ಯುರೋಪಿನ ಮೇಲೆ ಸೋವಿಯತ್ ಪ್ರಾಬಲ್ಯ ಇಲ್ಲವೇ ಇಲ್ಲ, ನನ್ನ ಆಡಳಿತದಲ್ಲಿ ಇರುವುದೂ ಇಲ್ಲ ಎಂದುಬಿಟ್ಟರು.

ಹಂಗೇರಿಯಲ್ಲಿ 1956ರಲ್ಲಿ, ಜೆಕೊಸ್ಲೊವಾಕಿಯಾದಲ್ಲಿ 1968ರಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದನ್ನು ಕಂಡ ಜಗತ್ತು ಅದು. ಫ್ರಾಂಕೆಲ್‌ಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ಮರುಪ್ರಶ್ನೆ ಹಾಕಿದರು. ಹೇಳಿದ್ದನ್ನು ತಿದ್ದಿಕೊಳ್ಳಲು ಅದು ಕೈಗೆ ಸಿಕ್ಕ ಅವಕಾಶ. ಫೋರ್ಡ್ ತಿದ್ದಿಕೊಳ್ಳಲಿಲ್ಲ. ಯುಗೊಸ್ಲಾವಿಯಾದವರು, ರುಮೇನಿಯಾದವರು, ಪೋಲೆಂಡಿನವರು ತಾವು ಸೋವಿಯತ್ ಹಿಡಿತದಲ್ಲಿದ್ದೇವೆ ಎಂದುಕೊಂಡಿಲ್ಲ ಎಂದು ಹೆಸರು ಹಿಡಿದು ಮುಂದುವರಿಸಿದರು. ಆ ಪ್ರಾಬಲ್ಯವನ್ನು ಅಮೆರಿಕ ಮಾನ್ಯ ಮಾಡುವುದಿಲ್ಲ ಎಂಬುದು ಅವರು ಹೇಳಬೇಕೆಂದಿದ್ದ ಮಾತು. ಬಾಯಿಂದ ಬಂದದ್ದು ಪ್ರಾಬಲ್ಯವೇ ಇಲ್ಲ ಎಂದು. ರಾಜತಾಂತ್ರಿಕತೆಯಲ್ಲಿ ಈ ಎರಡು ವಾಕ್ಯಗಳ ನಡುವೆ ಇರುವುದು ಅರ್ಧ ಖಂಡದ ಬದುಕು.

ಆ ರಾತ್ರಿ ಚರ್ಚೆ ಮುಗಿದ ಕೂಡಲೇ ಫೋನಿನಲ್ಲಿ ವಿಚಾರಿಸಿದಾಗ ಹೆಚ್ಚಿನ ವೀಕ್ಷಕರಿಗೆ ಇದೊಂದು ಮಹಾಪ್ರಮಾದ ಅನ್ನಿಸಿರಲೇ ಇಲ್ಲ. ಫೋರ್ಡ್ ಚೆನ್ನಾಗಿ ಮಾತಾಡಿದರು ಎಂದವರೇ ಹೆಚ್ಚಿದ್ದರು. ಮರುದಿನ ಪತ್ರಿಕೆ, ಟೀವಿಗಳು ಆ ಒಂದು ವಾಕ್ಯವನ್ನೇ ಎತ್ತಿ ತೋರಿಸಿದ ಮೇಲೆ ಅಭಿಪ್ರಾಯ ತಲೆಕೆಳಗಾಯಿತು. ಫೋರ್ಡ್ ಸುಮಾರು ಒಂದು ವಾರ ಪಟ್ಟು ಹಿಡಿದು ಆಮೇಲಷ್ಟೇ ತಪ್ಪೊಪ್ಪಿಕೊಂಡದ್ದು ಗಾಯವನ್ನು ಇನ್ನಷ್ಟು ಹುಣ್ಣು ಮಾಡಿತು. ಹಾಗಿದ್ದೂ ಸೋಲಿಗೆ ಅದೊಂದೇ ಕಾರಣ ಎನ್ನಲು ಲೆಕ್ಕ ಒಪ್ಪುವುದಿಲ್ಲ. ಆ ಬೇಸಿಗೆಯಲ್ಲಿ ಅವರು ಸಮೀಕ್ಷೆಗಳಲ್ಲಿ 30 ಅಂಕಕ್ಕೂ ಹೆಚ್ಚು ಹಿಂದಿದ್ದರು. ನವೆಂಬರ್‌ನಲ್ಲಿ ಬರಿಯ 2 ಅಂಕದಿಂದ ಸೋತರು. ವಾಟರ್‌ಗೇಟ್ ಹಗರಣದ ನೆರಳು, ಅದರಿಂದಾಗಿ ಅಧ್ಯಕ್ಷ ಪದವಿ ಬಿಟ್ಟ ನಿಕ್ಸನ್‌ಗೆ ಕೊಟ್ಟ ಕ್ಷಮಾದಾನ, ನಿರುದ್ಯೋಗ ಎಲ್ಲವೂ ಅವರ ಹೆಗಲ ಮೇಲಿದ್ದವು. ಗೆಲುವಿನ ಹತ್ತಿರ ಬಂದವರ ಓಟಕ್ಕೆ ಆ ಮಾತು ಅಡ್ಡಗಾಲಾಯಿತು ಎಂದರೆ ಒಪ್ಪಬಹುದು, ಅದಕ್ಕಿಂತ ಹೆಚ್ಚಲ್ಲ.

ಚರ್ಚೆಯಲ್ಲಿ ಗೆದ್ದವರು ಚುನಾವಣೆ ಗೆಲ್ಲುತ್ತಾರೆಂಬ ನಂಬಿಕೆಗೂ ಇದೇ ಗತಿ. 2004ರ ಸೆಪ್ಟೆಂಬರ್ 30ರ ವಿದೇಶಾಂಗ ಚರ್ಚೆಯಲ್ಲಿ ಜಾನ್ ಕೆರಿ ಮೇಲುಗೈ ಸಾಧಿಸಿದರೆಂದು ಸಮೀಕ್ಷೆಗಳು ಹೇಳಿದವು. ಚುನಾವಣೆ ಗೆದ್ದವರು ಜಾರ್ಜ್ ಡಬ್ಲ್ಯು. ಬುಷ್.

ತಪ್ಪು ಕಲ್ಪನೆ: ಚರ್ಚೆಯ ಮಾತೆಲ್ಲ ಗಾಳಿಗೆ. ಗೆದ್ದ ಮೇಲೆ ಯಾರೂ ಹೇಳಿದ್ದನ್ನು ಮಾಡುವುದಿಲ್ಲ.

ವಾಸ್ತವ: ಈ ಸಿನಿಕತನ ಕುರುಡು ನಂಬಿಕೆಯಷ್ಟೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಚರ್ಚೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

2000ದ ಅಕ್ಟೋಬರ್ 11ರಂದು ವಿನ್‌ಸ್ಟನ್-ಸೇಲಂನಲ್ಲಿ ಅಲ್ ಗೋರ್ ಎದುರು ಕೂತ ಬುಷ್, ಅಮೆರಿಕ ವಿನಯದ ರಾಷ್ಟ್ರವಾಗಿರಬೇಕು, ಬೇರೆ ದೇಶಗಳನ್ನು ಕಟ್ಟುವ ಕೆಲಸಕ್ಕೆ ನಮ್ಮ ಸೈನಿಕರನ್ನು ಬಳಸಬಾರದು ಎಂದರು. ಹನ್ನೊಂದು ತಿಂಗಳ ಬಳಿಕ ಉಗ್ರರ ದಾಳಿಗೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. 2001ರ ಅಕ್ಟೋಬರ್‌ನಲ್ಲಿ ಅಫ್ಗಾನಿಸ್ತಾನ, 2003ರ ಮಾರ್ಚ್‌ನಲ್ಲಿ ಇರಾಕ್. ಅಫ್ಗಾನ್ ನೆಲದಿಂದ ಕೊನೆಯ ಅಮೆರಿಕನ್ ಸೈನಿಕ ಹೊರಟದ್ದು 2021ರ ಆಗಸ್ಟ್‌ನಲ್ಲಿ. ಬುಷ್ ಆ ರಾತ್ರಿ ಸುಳ್ಳು ಹೇಳಿದರು ಎನ್ನಲಾರೆ. ಘಟನೆ ಮಾತನ್ನು ನುಂಗಿತು. ಆದರೆ ಇರಾಕ್ ಮೇಲೆ ನುಗ್ಗಿದ್ದು ಅವರದೇ ಆಯ್ಕೆ. ಅದಕ್ಕೆ ಗೋಪುರಗಳನ್ನು ನೆಪ ಹೇಳಲಾಗದು.

ಇನ್ನು 2008. ಸೆಪ್ಟೆಂಬರ್ 26ರಂದು ಬರಾಕ್ ಒಬಾಮ, ಒಸಾಮ ಬಿನ್ ಲಾದೆನ್ ಕಣ್ಣಿಗೆ ಬಿದ್ದು ಪಾಕಿಸ್ತಾನ ತಾನಾಗಿ ಕ್ರಮ ಕೈಗೊಳ್ಳದಿದ್ದರೆ ನಾವೇ ಹೊಡೆಯಬೇಕು ಎಂದರು. ಇಂಥದ್ದನ್ನು ಬಾಯಿಬಿಟ್ಟು ಹೇಳಬಾರದು, ಮಾಡಬೇಕಾದಾಗ ಮಾಡಬೇಕು ಎಂದು ಜಾನ್ ಮೆಕೇನ್ ತಿದ್ದಿದರು. ಅನುಭವಿ ಸೇನಾನಿಯ ಮಾತು, ಹಲವರಿಗೆ ಅದೇ ಸರಿ ಎನಿಸಿತು. 2011ರ ಮೇ 2ರ ನಸುಕಿನಲ್ಲಿ ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ಬಿನ್ ಲಾದೆನ್ ಅಡಗಿದ್ದ ಮನೆಯ ಮೇಲೆ ಅಮೆರಿಕದ ಹೆಲಿಕಾಪ್ಟರ್‌ಗಳು ಇಳಿದವು. ಪಾಕಿಸ್ತಾನಕ್ಕೆ ಮುಂಚಿತವಾಗಿ ತಿಳಿಸಿರಲಿಲ್ಲ. ಎರಡೂವರೆ ವರ್ಷದ ಹಿಂದೆ ವೇದಿಕೆಯಲ್ಲಿ ಆಡಿದ ಮಾತು ಹೆಚ್ಚುಕಡಿಮೆ ಅಕ್ಷರಶಃ ನಡೆಯಿತು.

ಯಾವ ಮಾತು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಹೇಳುವ ಒಂದು ಸಣ್ಣ ಗುರುತನ್ನು ನಾನು ಗಮನಿಸಿದ್ದೇನೆ. ಅಧ್ಯಕ್ಷರೊಬ್ಬರ ಆದೇಶದಿಂದಲೇ ಆಗುವ ಕೆಲಸ, ಇಂಥ ಪರಿಸ್ಥಿತಿ ಬಂದರೆ ಹೀಗೆ ಮಾಡುತ್ತೇನೆ ಎಂಬ ಷರತ್ತಿನ ಮಾತು, ಇವು ನಿಲ್ಲುವ ಸಾಧ್ಯತೆ ಹೆಚ್ಚು. ಎದುರಿನ ದೇಶದ ಒಪ್ಪಿಗೆ ಬೇಕಾದ ಭರವಸೆ ಹಾಗಲ್ಲ. ಅಧಿಕಾರ ಸ್ವೀಕರಿಸುವ ಮೊದಲೇ ಉಕ್ರೇನ್ ಯುದ್ಧ ಇತ್ಯರ್ಥ ಮಾಡುತ್ತೇನೆ ಎಂದು ಟ್ರಂಪ್ 2024ರ ಜೂನ್ 27ರ ಚರ್ಚೆಯಲ್ಲಿ ಹೇಳಿದ್ದರು. 2025ರ ಜನವರಿ 20 ಬಂದಾಗ ಯುದ್ಧ ನಡೆಯುತ್ತಲೇ ಇತ್ತು. ಅಲ್ಲಿ ತೀರ್ಮಾನ ಮಾಸ್ಕೊ ಮತ್ತು ಕೀವ್ ಕೈಯಲ್ಲೂ ಇತ್ತು.

ತಪ್ಪು ಕಲ್ಪನೆ: ಚಪ್ಪಾಳೆ ಗಿಟ್ಟಿಸಿದ ತಿರುಗೇಟೇ ಸರಿಯಾದ ವಾದ.

ವಾಸ್ತವ: 2012ರ ಅಕ್ಟೋಬರ್ 22, ಫ್ಲಾರಿಡಾದ ಬೋಕಾ ರಟೋನ್. ಅಮೆರಿಕದ ಮೊದಲ ಭೂರಾಜಕೀಯ ಎದುರಾಳಿ ರಷ್ಯಾ ಎಂದು ಮಿಟ್ ರಾಮ್ನಿ ಆ ವರ್ಷ ಹೇಳಿದ್ದರು. ಅದನ್ನು ಎತ್ತಿಕೊಂಡು ಒಬಾಮ, 1980ರ ದಶಕದವರು ತಮ್ಮ ವಿದೇಶಾಂಗ ನೀತಿಯನ್ನು ವಾಪಸ್ ಕೇಳುತ್ತಿದ್ದಾರೆ ಎಂದು ಗೇಲಿ ಮಾಡಿದರು. ಮರುದಿನ ಎಲ್ಲೆಲ್ಲೂ ಆ ಗೇಲಿಯೇ. ಪುಟಿನ್ ವಿಷಯದಲ್ಲಿ ಕಣ್ಣಿಗೆ ಬಣ್ಣದ ಕನ್ನಡಕ ಹಾಕಿಕೊಳ್ಳಲಾರೆ ಎಂದು ರಾಮ್ನಿ ಕೊಟ್ಟ ಉತ್ತರ ಯಾರಿಗೂ ಬೇಕಾಗಲಿಲ್ಲ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಬಳಿಸಿತು, 2022ರ ಫೆಬ್ರವರಿ 24ರಂದು ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ಯುದ್ಧ ಶುರುಮಾಡಿತು. ಡೆಮಾಕ್ರಟಿಕ್ ಪಕ್ಷದ ಹಿರಿಯರಾದ, ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮೆಡಲೀನ್ ಆಲ್‌ಬ್ರೈಟ್ 2019ರಲ್ಲಿ ಸಂಸದೀಯ ಸಮಿತಿಯ ಮುಂದೆ ರಾಮ್ನಿಯ ಕ್ಷಮೆ ಕೇಳಿದರು. ಅಷ್ಟು ಎತ್ತರದ ಸ್ಥಾನದಲ್ಲಿದ್ದವರು ಹಾಗೆ ಒಪ್ಪಿಕೊಂಡದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಅದೇ ಚರ್ಚೆ ಇನ್ನೊಂದು ಭ್ರಮೆಯನ್ನೂ ಒಡೆಯುತ್ತದೆ. ಎರಡು ಪಕ್ಷಗಳ ವಿದೇಶಾಂಗ ನೀತಿ ಉತ್ತರ ದಕ್ಷಿಣ ಎಂದು ನಾವು ಭಾವಿಸುತ್ತೇವೆ. ಡ್ರೋನ್ ದಾಳಿ, 2014ರ ಕೊನೆಗೆ ಅಫ್ಗಾನಿಸ್ತಾನದಿಂದ ವಾಪಸಾತಿ, ಈಜಿಪ್ಟಿನಲ್ಲಿ ಅಧ್ಯಕ್ಷ ಮುಬಾರಕ್ ಅವರ ಕೈಬಿಟ್ಟದ್ದು, ಈ ಮೂರರಲ್ಲೂ ರಾಮ್ನಿ ಒಬಾಮ ನಿಲುವನ್ನೇ ಒಪ್ಪಿದರು.

ತಪ್ಪು ಕಲ್ಪನೆ: ಅಧ್ಯಕ್ಷರು ಹೇಳಿದರೆ ಆಯಿತು. ವೀಸಾ, ಸುಂಕ, ಒಪ್ಪಂದ ಎಲ್ಲ ಅವರ ಕೈಯಲ್ಲೇ.

ವಾಸ್ತವ: ಕೆಲವು ಅವರ ಕೈಯಲ್ಲಿವೆ, ಕೆಲವು ಇಲ್ಲ. ಅಂತರರಾಷ್ಟ್ರೀಯ ಸಂಧಿಗೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಯುದ್ಧ ಘೋಷಿಸುವ ಅಧಿಕಾರ ಅವರ ಸಂಸತ್ತಾದ ಕಾಂಗ್ರೆಸ್‌ನದು. ಅದು ವಿಧಿವತ್ತಾಗಿ ಕೊನೆಯ ಬಾರಿ ಯುದ್ಧ ಘೋಷಿಸಿದ್ದು 1942ರಲ್ಲಿ. ಆಮೇಲೆ ಕೊರಿಯಾದಿಂದ ಇರಾಕ್‌ವರೆಗೆ ನಡೆದದ್ದೆಲ್ಲ ಬೇರೆ ಬೇರೆ ಕಾನೂನಿನ ಬಾಗಿಲಿನಿಂದ.

ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ಎಚ್‌-1ಬಿ ವೀಸಾವನ್ನೇ ನೋಡಿ. ವರ್ಷಕ್ಕೆ 65,000, ಅಮೆರಿಕದಲ್ಲಿ ಉನ್ನತ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿ ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿದೆ. 2016ರ ಮಾರ್ಚ್ 3ರ ರಿಪಬ್ಲಿಕನ್ ಚರ್ಚೆಯಲ್ಲಿ ಟ್ರಂಪ್ ನುರಿತ ಕೆಲಸಗಾರರು ದೇಶಕ್ಕೆ ಬೇಕು, ನಿಲುವು ಬದಲಿಸುತ್ತಿದ್ದೇನೆ ಎಂದರು. ಅದೇ ರಾತ್ರಿ ಅವರ ಹೇಳಿಕೆ ಅದನ್ನು ವಾಪಸ್ ಪಡೆಯಿತು. ಒಂದು ವಾರದ ಬಳಿಕ ಮಯಾಮಿ ಚರ್ಚೆಯಲ್ಲಿ, ನಾನೇ ಈ ವೀಸಾ ಬಳಸಿಕೊಳ್ಳುತ್ತೇನೆ, ಆದರೆ ಇದು ಇರಲೇಬಾರದು ಎಂದರು. ವೀಸಾ ರದ್ದಾಗಲಿಲ್ಲ, ಮಿತಿಯೂ ಬದಲಾಗಲಿಲ್ಲ. ಹಾಗೆಂದು ನಿಶ್ಚಿಂತರಾಗುವಂತೆಯೂ ಇಲ್ಲ. 2025ರ ಸೆಪ್ಟೆಂಬರ್ 19ರಂದು ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆಗೆ ಅವರು ಸಹಿ ಹಾಕಿದರು. ಯಾರಿಗೆ ಅನ್ವಯ, ಯಾರಿಗಿಲ್ಲ ಎಂಬುದು ತಿಳಿಯುವ ಮೊದಲೇ ರಜೆಗೆ ಊರಿಗೆ ಬಂದವರು ಗಡಿಬಿಡಿಯಲ್ಲಿ ವಾಪಸ್ ಟಿಕೆಟ್ ಹುಡುಕಿದರು. ಸಂಖ್ಯೆ ಕಾಂಗ್ರೆಸ್ ಕೈಯಲ್ಲಿ, ಬಾಗಿಲ ಚಿಲಕ ಅಧ್ಯಕ್ಷರ ಕೈಯಲ್ಲಿ.

ಸುಂಕದ ಮಾತೂ ಹೀಗೆಯೇ. ಸುಂಕವನ್ನು ಬೇರೆ ದೇಶಗಳು ಕಟ್ಟುತ್ತವೆ ಎಂಬ ವಾದವನ್ನು 2024ರ ಸೆಪ್ಟೆಂಬರ್ ಚರ್ಚೆಯಲ್ಲಿ ಕೇಳಿದೆವು. ಆಮದು ಸುಂಕವನ್ನು ಅಮೆರಿಕದ ಕಸ್ಟಮ್ಸ್‌ಗೆ ಕಟ್ಟುವವನು ಅಮೆರಿಕದ ಆಮದುದಾರ. ಆದರೆ ಅದರ ಹೊರೆ ದರ ಇಳಿಸುವ ಒತ್ತಡವಾಗಿ, ರದ್ದಾದ ಆರ್ಡರ್ ಆಗಿ ಮಾರುವವನ ಮೇಲೂ ಬೀಳುತ್ತದೆ. 2025ರ ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕಿನ ಮೇಲೆ ಒಟ್ಟು ಶೇಕಡ 50 ಸುಂಕ ಬಿದ್ದಾಗ ಅಮೆರಿಕಕ್ಕೆ ಬಟ್ಟೆ ಹೊಲಿದು ಕಳಿಸುವ ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳವರಿಗೆ ಅದು ಚೆನ್ನಾಗಿ ಅರ್ಥವಾಯಿತು. ಅಧ್ಯಕ್ಷರಿಗೆ ಹೀಗೆ ಸುಂಕ ಹಾಕುವ ಅಧಿಕಾರ ಇದೆಯೇ ಎಂಬ ಪ್ರಶ್ನೆ ಅಮೆರಿಕದಲ್ಲೇ ಕೋರ್ಟಿನ ಮೆಟ್ಟಿಲೇರಿತು.

ತಪ್ಪು ಕಲ್ಪನೆ: ಚರ್ಚೆಯಲ್ಲಿ ಭಾರತದ ಬಗ್ಗೆ ಒಂದು ಕಹಿ ಮಾತು ಬಂದರೆ ಸಂಬಂಧವೇ ಕೆಟ್ಟಿತು.

ವಾಸ್ತವ: 2020ರ ಅಕ್ಟೋಬರ್ 22ರಂದು ನ್ಯಾಶ್‌ವಿಲ್‌ನಲ್ಲಿ ಹವಾಮಾನ ಒಪ್ಪಂದದ ಮಾತು ಬಂದಾಗ ಟ್ರಂಪ್ ಚೀನಾ, ರಷ್ಯಾ, ಭಾರತಗಳ ಹೆಸರೆತ್ತಿ ಅಲ್ಲಿನ ಗಾಳಿ ಹೊಲಸು ಎಂದರು. ಎಂಟು ತಿಂಗಳ ಹಿಂದಷ್ಟೇ ಅಹಮದಾಬಾದಿನಲ್ಲಿ ಅವರಿಗೆ ಭರ್ಜರಿ ಸ್ವಾಗತ ಸಿಕ್ಕಿತ್ತು. ನಮ್ಮಲ್ಲಿ ಹಲವರಿಗೆ ಅದು ನೋವುಂಟುಮಾಡಿತು, ನನಗೂ. ಆದರೆ ಐದೇ ದಿನದ ಬಳಿಕ, ಅಕ್ಟೋಬರ್ 27ರಂದು, ಅದೇ ಟ್ರಂಪ್ ಸರ್ಕಾರದ ವಿದೇಶಾಂಗ ಮತ್ತು ರಕ್ಷಣಾ ಕಾರ್ಯದರ್ಶಿಗಳು ದಿಲ್ಲಿಯಲ್ಲಿದ್ದರು. ನಕ್ಷೆ, ಉಪಗ್ರಹ ಚಿತ್ರ, ಭೂಪ್ರದೇಶದ ಮಾಹಿತಿಯನ್ನು ಎರಡೂ ಸೇನೆಗಳು ಹಂಚಿಕೊಳ್ಳುವ ‘ಬೆಕಾ’ ಒಪ್ಪಂದಕ್ಕೆ ಸಹಿ ಬಿತ್ತು. ಲಡಾಖ್‌ನಲ್ಲಿ ಚೀನಾ ಸೈನ್ಯ ಎದುರು ನಿಂತಿದ್ದ ದಿನಗಳವು. ವೇದಿಕೆಯ ಆ ಮಾತು ಭಾರತಕ್ಕೆ ಹೇಳಿದ್ದಲ್ಲ, ಕಲ್ಲಿದ್ದಲು, ತೈಲದ ಕೆಲಸ ನಂಬಿಕೊಂಡ ಅಮೆರಿಕದ ಮತದಾರರಿಗೆ ಹೇಳಿದ್ದು. ಅಧ್ಯಕ್ಷೀಯ ಚರ್ಚೆಯಲ್ಲಿ ಬೇರೆ ದೇಶಗಳ ಹೆಸರು ಬರುವುದು ಹೆಚ್ಚಾಗಿ ಹೀಗೆಯೇ, ಅವರ ಮನೆಯ ಜಗಳದಲ್ಲಿ ಸಾಕ್ಷಿಯಾಗಿ.

ಮುಂದಿನ ಅಧ್ಯಕ್ಷೀಯ ಚುನಾವಣೆ 2028ರ ನವೆಂಬರ್ 7ಕ್ಕೆ. ಚರ್ಚೆ ನಡೆದರೆ ಮತ್ತೆ ಬೆಳಗಿನ ಕಾಫಿಯ ಹೊತ್ತಿಗೆ ತುಣುಕು ವಿಡಿಯೊಗಳು ಬರುತ್ತವೆ. 1960ರ ಮೊದಲ ಚರ್ಚೆಯಿಂದ ಹಿಡಿದು ಪ್ರತಿ ಚರ್ಚೆಯ ಪೂರ್ಣ ಪಾಠ ಅಕ್ಷರ ರೂಪದಲ್ಲಿ ಸಿಗುತ್ತದೆ, ಉಚಿತವಾಗಿ. ಅಲ್ಲಿರುವ ಮಕ್ಕಳಿಗೆ ಗಾಬರಿಯಿಂದ ಫೋನ್ ಮಾಡುವ ಮೊದಲು ಆ ತುಣುಕಿನ ಹಿಂದಿರುವ ಪ್ರಶ್ನೆಯನ್ನೂ ಅದರ ಇಡೀ ಉತ್ತರವನ್ನೂ ದಯವಿಟ್ಟು ಓದಿ ನೋಡಿ. ಐದು ನಿಮಿಷ ಸಾಕು.